ಮಂಗಳಮ್ಮ ಮಗಳ ಒಸಡು ಕೂಡಿಸಿದ್ದು

ಹೆತ್ತ ಮಗುವನ್ನು ತೋರಿಸುವ ಮೊದಲು ನರ್ಸಮ್ಮ ಅದರ ಮುಖದ ಮೇಲೆ ಬಟ್ಟೆಯ ಅಂಚು ಎಳೆದದ್ದು ಮಂಗಳಮ್ಮನ ಕಣ್ಣಿಗೆ ಬಿತ್ತು. ನಂಜನಗೂಡಿನ ಆಸ್ಪತ್ರೆಯ ಹೆರಿಗೆ ವಾರ್ಡು. ಚೊಚ್ಚಲ ಬಾಣಂತಿ, ಇನ್ನೂ ಏದುಸಿರು ಬಿಡುತ್ತಿದ್ದವಳು, ಕೈ ಚಾಚಿ ಆ ಬಟ್ಟೆ ಸರಿಸಿದಳು. ಮಗುವಿನ ಮೇಲ್ದುಟಿ ಎಡಗಡೆ ಮೂಗಿನ ಹೊಳ್ಳೆಯವರೆಗೂ ಸೀಳಿತ್ತು. ಅತ್ತಾಗ ಒಳಗಿನ ಒಸಡೂ ಅಂಗುಳವೂ ಎರಡಾಗಿರುವುದು ಕಾಣುತ್ತಿತ್ತು.

"ಹೆಣ್ಣು ಕಣಮ್ಮ," ಎಂದಳು ನರ್ಸಮ್ಮ.

"ಎಣ್ಣಾದ್ರ ಎಣ್ಣು. ಇದು ಆಲು ಎಂಗ್ ಕುಡ್ದದು?" ಎಂದು ಕೇಳಿದಳು ಮಂಗಳಮ್ಮ.

ಅದು ತೊಂಬತ್ತಾರನೇ ಇಸವಿ. ಮಂಗಳಮ್ಮನ ತವರು ಬದನವಾಳು. ತಾಯಿ ಜವರಮ್ಮ ಅಲ್ಲಿಯ ಖಾದಿ ಕೇಂದ್ರದಲ್ಲಿ ನೂಲು ತೆಗೆಯುತ್ತಿದ್ದಳು, ಮದುವೆಗೆ ಮೊದಲು ಮಗಳೂ ಅಲ್ಲೇ ರಾಟೆಯ ಮುಂದೆ ಕೂತಿದ್ದವಳು. ಕೊಟ್ಟದ್ದು ಬನ್ನೂರಿನ ಪಕ್ಕದ ಒಂದು ಹಳ್ಳಿಗೆ. ಗಂಡ ರಾಜೇಂದ್ರ ಗಾರೆ ಕೆಲಸದವನು, ಮಾತು ಕಡಿಮೆ. ಮನೆಯಲ್ಲಿ ಮಾತೆಲ್ಲ ಅವನ ತಾಯಿ ಕೆಂಪಾಜಮ್ಮನದೇ.

ಹಾಲು ಕುಡಿಸುವ ದಾರಿಯನ್ನು ಜವರಮ್ಮ ಕಂಡುಕೊಟ್ಟಳು. ಮಗು ಮೊಲೆಗೆ ಬಾಯಿ ಹಾಕಿದರೆ ಬರೀ ಗಾಳಿ ಹೀರುತ್ತಿತ್ತು, ನುಂಗಿದ ಚೂರುಪಾರು ಮೂಗಿನಿಂದ ಆಚೆ ಬರುತ್ತಿತ್ತು. ಜವರಮ್ಮ ಅಟ್ಟದ ಮೇಲಿಂದ ಮಕ್ಕಳಿಗೆ ಹಾಲು ಹಾಕುವ ಹಳೆಯ ಹಿತ್ತಾಳೆ ಒಳಲೆ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದಳು. ಮಂಗಳಮ್ಮ ಹಾಲು ಹಿಂಡಿ ಅದರಲ್ಲಿ ತುಂಬಿ, ಮಗುವನ್ನು ಎದೆಗೆ ನೆಟ್ಟಗೆ ಆನಿಸಿಕೊಂಡು, ನಾಲಿಗೆಯ ಮೇಲೆ ಒಂದೊಂದೇ ಹನಿ ಬಿಡುತ್ತಾ ಹೋದಳು. ಮಗು ಕೆಮ್ಮುವುದು, ಇವಳು ತಡೆಯುವುದು, ಮತ್ತೆ ಬಿಡುವುದು. ಒಂದು ಹೊತ್ತಿನ ಹಾಲು ಮುಗಿಯುವಷ್ಟರಲ್ಲಿ ಇನ್ನೊಂದು ಹೊತ್ತಿನ ಹಸಿವು ಶುರುವಾಗುತ್ತಿತ್ತು. ಮಗು ಬದುಕುವುದಿಲ್ಲ ಎಂದು ಬೀದಿಯವರು ಒಳಗೊಳಗೇ ಮಾತಾಡಿಕೊಂಡರು. ಅದು ಬದುಕಿತು, ತೂಕವೂ ಕಟ್ಟಿತು. ಧನುಶ್ರೀ ಎಂದು ಹೆಸರಿಟ್ಟರು.

ಕೆಂಪಾಜಮ್ಮ ಮೊಮ್ಮಗಳನ್ನು ನೋಡಲು ಬದನವಾಳಿಗೆ ಬಂದವಳು ತೊಟ್ಟಿಲ ಹತ್ತಿರ ನಿಂತು, ಮುಖ ನೋಡಿ, ಎರಡು ಹೆಜ್ಜೆ ಹಿಂದಕ್ಕೆ ಸರಿದಳು.

"ನಾನು ಬಡ್ಕಂಡೆ. ದೀಪಾವಳಿ ಅಮಾಸೆ ಗ್ರಾಣ ಇಡ್ದಾಗ ಬಸ್ರಿ ಎಂಗ್ಸು ಆಚ್ಗೆ ಓಗ್ಬ್ಯಾಡ ಅಂದೆ. ಕುಡ್ಲು ಇಡ್ಕಂಡು ಉಲ್ಲು ಕುಯ್ಯಕ್ಕೋದಲ್ಲ, ನೋಡು ಈಗ. ಕುಯ್ದದ್ದು ಉಲ್ಲನ್ನಲ್ಲ, ಮಗೀನ್ ತುಟೀನ."

ಮಂಗಳಮ್ಮ ಹೋಗಿದ್ದು ನಿಜ. ಅವತ್ತು ಬೆಳಗ್ಗೆ ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿತ್ತು. ಕೊಟ್ಟಿಗೆಯಲ್ಲಿ ಈದ ಹಸು ಹಸಿವಿಗೆ ಒಂದೇ ಸಮ ಅರಚುತ್ತಿತ್ತು. ತಡೆಯಲಾರದೆ ಹಿತ್ತಲಿಗೆ ಹೋಗಿ ಒಂದು ಹಿಡಿ ಹಸಿ ಹುಲ್ಲು ಕೊಯ್ದು ಹಾಕಿ ಬಂದಿದ್ದಳು. ಅತ್ತೆ ಹೋದ ಮೇಲೆ ಅವಳು ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಗಂಡನ ಮನೆಯಿಂದ ಕರೆ ಬರಲಿಲ್ಲ. ರಾಜೇಂದ್ರ ಮಾತ್ರ ಕೆಲಸವಿಲ್ಲದ ದಿನ ಬಸ್ಸು ಹತ್ತಿ ಬಂದು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದು, ಸಂಜೆಗೆ ವಾಪಸು ಹೋಗುತ್ತಿದ್ದ.

ಮಗುವಿಗೆ ಕತ್ತು ನಿಂತ ಮೇಲೆ ಮಂಗಳಮ್ಮ ಬದನವಾಳಿನಲ್ಲಿ ರೈಲು ಹತ್ತಿ ಮೈಸೂರಿಗೆ ಹೋದಳು. ಸೀಳುತುಟಿಗೆ ಆಪರೇಷನ್ ಮಾಡುತ್ತಾರೆಂದು ನಂಜನಗೂಡಿನ ನರ್ಸಮ್ಮನೇ ಹೇಳಿ ಕಳಿಸಿದ್ದಳು. ಅಲ್ಲಿ ಸಿಕ್ಕವರು ಬಾಯಿ, ದವಡೆಯ ಆಪರೇಷನ್ ಮಾಡುವ ಡಾಕ್ಟರು ಗಂಗಾಧರಸ್ವಾಮಿ. ಆಗಿನ್ನೂ ಮೀಸೆ ಚಿಗುರಿದ ಹುಡುಗನಂತಿದ್ದರು. ಅವರು ಬಾಯಿಯೊಳಗೆ ಟಾರ್ಚು ಬಿಟ್ಟು ನೋಡಿ, ಮೊದಲು ತುಟಿ, ಆಮೇಲೆ ಅಂಗುಳ, ಮಗು ದೊಡ್ಡದಾದ ಮೇಲೆ ಒಸಡಿನ ಮೂಳೆ ಎಂದು ವಿವರಿಸಿದರು.

ಮಂಗಳಮ್ಮ ಎಲ್ಲ ಕೇಳಿಸಿಕೊಂಡು, "ಸಾ, ಗ್ರಾಣದ ದಿವ್ಸ ನಾನು ಕುಡ್ಲು ಇಡ್ದಿದ್ದೆ," ಎಂದಳು.

ಡಾಕ್ಟರು ನಗಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರಿನತ್ತ ಕೈ ತೋರಿಸಿ, "ಆ ಅಮಾವಾಸ್ಯೆಗೆ ನಿಮಗೆ ಎಷ್ಟನೇ ತಿಂಗಳು?" ಎಂದು ಕೇಳಿದರು.

"ಅಯ್ದ್ರಲ್ಲಿದ್ದೆ."

"ಹೊಟ್ಟೇಲಿ ಮಗೂಗೆ ತುಟಿ ಕೂಡೋದು ಎರಡನೇ ತಿಂಗಳಲ್ಲೇ ಕಣಮ್ಮ. ಗ್ರಹಣ ಬರೋ ಹೊತ್ತಿಗೆ ಇವಳ ತುಟಿ ಹೀಗೇ ಇತ್ತು. ಯಾಕೆ ಕೂಡಲಿಲ್ಲ ಅಂತ ನನಗೂ ಗೊತ್ತಿಲ್ಲ. ಹುಲ್ಲು ಕೊಯ್ದಿದ್ದಕ್ಕಂತೂ ಅಲ್ಲ."

ಮಂಗಳಮ್ಮ ಅಲ್ಲೇ, ಡಾಕ್ಟರ ಮುಂದೆಯೇ, ಗಟ್ಟಿಯಾಗಿ ಅತ್ತುಬಿಟ್ಟಳು. ಹೆತ್ತಾಗಿನಿಂದ ಅವಳು ಅತ್ತದ್ದು ಅದೇ ಮೊದಲು.

ಆಪರೇಷನ್ ಆಗಿ ತುಟಿಯ ಹೊಲಿಗೆ ಮಾಗಿದ ಮೇಲೆ ಯಾರ ಕರೆಗೂ ಕಾಯದೆ, ಮಗುವನ್ನು ಕಂಕುಳಲ್ಲಿ ಇರುಕಿಕೊಂಡು ಗಂಡನ ಮನೆಯ ಬಾಗಿಲಿಗೆ ಬಂದು ನಿಂತಳು. ಕ್ಯಾಲೆಂಡರಿನ ಲೆಕ್ಕವನ್ನು ಅತ್ತೆಗೆ ಒಪ್ಪಿಸಿದಳು.

"ಆ ಡಾಕ್ಟ್ರೇನು ನಿನ್ ಒಟ್ಟೆ ಒಳಿಕ್ಕೋಗಿ ನೋಡ್ಕಂಡ್ ಬಂದವ್ನಾ?" ಎಂದಳು ಕೆಂಪಾಜಮ್ಮ.

"ನೀವೋಗಿ ನೋಡಿದ್ರಾ ಅತ್ತೆ?" ಎಂದು ಕೇಳಿ ಮಂಗಳಮ್ಮ ಒಳಗೆ ಹೋಗಿ ಒಲೆ ಹಚ್ಚಿದಳು.

ಮೂಲೆಯಲ್ಲಿ ಕೂತಿದ್ದ ರಾಜೇಂದ್ರ ಮುಖ ಆಚೆ ತಿರುಗಿಸಿಕೊಂಡು ನಕ್ಕ. ಆ ಮಾತು ಆ ಮನೆಯಲ್ಲಿ ಅಲ್ಲಿಗೆ ನಿಂತಿತು.

ಮಗು ನಡೆಯಲು ಕಲಿತ ಮೇಲೆ ಅಂಗುಳದ ಆಪರೇಷನ್ನೂ ಆಯಿತು. ಮಾತು ಮಾತ್ರ ಮೂಗಿನಿಂದಲೇ ಬರುತ್ತಿತ್ತು. 'ಪ' ಅಂದರೆ 'ಮ' ಕೇಳಿಸುತ್ತಿತ್ತು. ಮಂಗಳಮ್ಮ ಕೋಳಿ ಪುಕ್ಕವನ್ನು ಅಂಗೈ ಮೇಲೆ ಇಟ್ಟು, 'ಪ' ಅಂದು ಹಾರಿಸು ಎನ್ನುವಳು. ಪುಕ್ಕ ಅಲುಗಾಡದು. ಗದ್ದೆಯಿಂದ ಬಂದು ಕೈಕಾಲು ತೊಳೆದು ದಿನವೂ ಅದೇ ಕೆಲಸ. ಇವಳ ಹಠ ನೋಡಿ ನೋಡಿ ಕೆಂಪಾಜಮ್ಮನೇ ಮೊಮ್ಮಗಳ ಎದುರು ಕೂತು, "ಅಮ್ಮ ಅಲ್ಲ ಕಣವ್ವ, ಅಪ್ಪ. ಬಾಯಿ ಮುಚ್ಚಿ ಬುಡು," ಎಂದು ಹೇಳಿಕೊಡತೊಡಗಿದಳು. ಮುದುಕಿಗೆ ಮಗು ಹತ್ತಿರವಾದದ್ದು ಹಾಗೆ. ಪುಕ್ಕ ಹಾರಿದ ದಿನ ಇಬ್ಬರೂ ಚಪ್ಪಾಳೆ ತಟ್ಟಿದ್ದು ಬೀದಿಗೆ ಕೇಳಿಸಿತ್ತು.

ಒಸಡಿನ ಬಿರುಕು ಹಾಗೇ ಉಳಿಯಿತು. ಅದು ಆಚೆಗೆ ಕಾಣುತ್ತಿರಲಿಲ್ಲ. ಆದರೆ ನೀರು ಕುಡಿದರೆ ಅಲ್ಲಿಂದ ನುಸುಳಿ ಮೂಗಿಗೆ ಬರುತ್ತಿತ್ತು. ಶಾಲೆಯಲ್ಲಿ ಧನುಶ್ರೀ ಗೋಡೆಯ ಕಡೆ ತಿರುಗಿ, ತುಟಿಯನ್ನು ಬೆರಳಿಂದ ಒತ್ತಿ ಹಿಡಿದು ಕುಡಿಯುತ್ತಿದ್ದಳು. ಮಧ್ಯಾಹ್ನದ ಊಟಕ್ಕೆ ಯಾರ ಪಕ್ಕವೂ ಕೂರುತ್ತಿರಲಿಲ್ಲ.

ಹುಡುಗಿಗೆ ಒಂಬತ್ತು ತುಂಬಿದಾಗ ಡಾಕ್ಟರು ಮೂರನೆಯ ಆಪರೇಷನ್ ಮಾಡಿದರು. ಸೊಂಟದ ಮೂಳೆಯಿಂದ ಒಳತಿರುಳಿನ ಚೂರುಗಳನ್ನು ಕೆರೆದು ತೆಗೆದು ಒಸಡಿನ ಬಿರುಕಿಗೆ ತುಂಬಿ, ಮೇಲೆ ಒಸಡು ಮುಚ್ಚಿ ಹೊಲಿಯುವುದು. ತುಂಬಿದ ಮೂಳೆ ಅಕ್ಕಪಕ್ಕದ ಮೂಳೆಗೆ ಬೆಸೆದುಕೊಂಡರೆ ಮೇಲೆ ಕಾದಿರುವ ಕೋರೆಹಲ್ಲು ಅದರೊಳಗಿಂದ ಇಳಿಯುತ್ತದೆ. ಸೊಂಟದ ನೋವಿಗೆ ಧನುಶ್ರೀ ಕುಂಟುತ್ತಾ ಊರಿಗೆ ಬಂದಳು. ಮೆತ್ತಗಿನದು ಬಿಟ್ಟು ಬೇರೇನೂ ಕೊಡಬೇಡಿ ಎಂದು ಡಾಕ್ಟರು ಒತ್ತಿ ಹೇಳಿದ್ದರು.

ಒಂದು ಸಂಜೆ ಮಂಗಳಮ್ಮ ಗದ್ದೆಯಿಂದ ಬರುವಾಗ ಜಗುಲಿಯ ಮೇಲೆ ಹುಡುಗಿ ಅಳುತ್ತಿದ್ದಳು. ಬಾಯಿ ತೆರೆಸಿ ನೋಡಿದರೆ ಹೊಲಿಗೆ ಬಿಟ್ಟಿತ್ತು. ಕೀವು ಕಟ್ಟಿತ್ತು. ಬಾಯಿ ಮುಕ್ಕಳಿಸಿದಾಗ ಮೂಳೆಯ ಒಂದು ಹರಳು ತಟ್ಟೆಗೆ ಬಿತ್ತು. ಅಜ್ಜಿಯ ಮಡಿಲಲ್ಲಿ ಹುರಿಗಡಲೆ ಇತ್ತು.

"ಮಗ ಅಸ್ಕಂಡಿತ್ತು ಕಣವ್ವ. ಬರೀ ಗಂಜಿ ಎಷ್ಟ್ ದಿವ್ಸ ಕುಡ್ದಾತು? ನಾಕೇ ಕಾಳು ಕೊಟ್ಟೆ," ಎಂದಳು ಕೆಂಪಾಜಮ್ಮ, ದನಿ ಉಡುಗಿ.

"ನೀವೇ ಕೆಡ್ಸಿದ್ದು," ಎಂದಳು ಮಂಗಳಮ್ಮ. "ನನ್ ಮಗಳ ಬಾಯ್ನ ನೀವೇ ಕೆಡ್ಸ್ಬುಟ್ರಿ."

ಅಂದಿನಿಂದ ಅತ್ತೆಯೊಂದಿಗೆ ಮಾತು ನಿಂತಿತು. ಊಟಕ್ಕೆ ಬಡಿಸುವಳು, ನೀರು ಕಾಯಿಸಿ ಇಡುವಳು, ಬಾಯಿ ಮಾತ್ರ ಬಿಚ್ಚಳು. ತುಂಬಿದ್ದ ಮೂಳೆಯೆಲ್ಲ ಪುಡಿಪುಡಿಯಾಗಿ ಹೋಯಿತು. ಮೈಸೂರಿನಲ್ಲಿ ಡಾಕ್ಟರು ಗಾಯ ತೊಳೆದು, ಇನ್ನೊಮ್ಮೆ ಮಾಡಬೇಕಾಗುತ್ತದೆ, ಒಸಡು ಪೂರ್ತಿ ಮಾಗಲಿ ಎಂದರು. ಧನುಶ್ರೀ ಬಸ್ಸಿನಲ್ಲಿ ಕಿಟಕಿಯತ್ತ ಮುಖ ಮಾಡಿ ಕೂತವಳು, "ನಾನಿನ್ ಅಲ್ಗೆ ಬರಲ್ಲ ಕಣವ್ವ. ನನ್ ಸೊಂಟಾನೂ ಕೊಡಲ್ಲ, ಬಾಯ್ನೂ ಕೊಡಲ್ಲ," ಎಂದಳು.

ಒಂದು ಮಳೆಗಾಲ ಹೋಯಿತು, ಇನ್ನೊಂದು ಬಂತು. ಮಂಗಳಮ್ಮ ಬಿಡಲಿಲ್ಲ. ಪುಸಲಾಯಿಸಿದಳು, ಗದರಿದಳು, ಒಮ್ಮೆ ಕೈಯನ್ನೂ ಎತ್ತಿದಳು. ರಾಜೇಂದ್ರ ಅಡ್ಡ ಬಂದು, "ಮಗ ಬ್ಯಾಡ ಅಂತದ. ಇರೋದ್ರಲ್ಲೇ ಇರ್ಲಿ ಬುಡು," ಎಂದ.

"ನೀವು ಗೋಡೆ ಬಿರುಕು ಬುಟ್ರ ಸುಮ್ಕಿದ್ದೀರಾ? ಕೆಡವಿ ಮತ್ತೆ ಕಟ್ಟಾಕಿಲ್ವಾ?" ಎಂದು ಕೇಳಿದಳು.

ಕೊನೆಗೆ, ಬರೀ ತೋರಿಸಿಕೊಂಡು ಬರೋಣ, ಚಾಕು ಮುಟ್ಟಿಸುವುದಿಲ್ಲ ಎಂದು ಭಾಷೆ ಕೊಟ್ಟು ಮಗಳನ್ನು ಮೈಸೂರಿಗೆ ಕರೆದುಕೊಂಡು ಹೋದಳು. ಎರಡು ಸಾವಿರದ ಏಳನೇ ಇಸವಿ. ಗಂಗಾಧರಸ್ವಾಮಿಗಳ ತಲೆ ಆಗಲೇ ಅರ್ಧ ನೆರೆತಿತ್ತು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬಿರುಕಿನ ಅಂಚಿನಲ್ಲಿ ಓರೆಯಾಗಿ ನಿಂತಿದ್ದ ಕೋರೆಹಲ್ಲನ್ನು ತೋರಿಸಿದರು.

"ಇದು ಇಳಿಯೋಕೆ ಶುರು ಮಾಡಿದೆ. ಕೆಳಗೆ ಮೂಳೆ ಇಲ್ಲ. ಹೀಗೇ ಬಿಟ್ಟರೆ ಈ ಹಲ್ಲೂ ನಿಲ್ಲಲ್ಲ, ಪಕ್ಕದ್ದೂ ಅಲ್ಲಾಡುತ್ತೆ. ಮಾಡೋದಾದರೆ ಈ ವರ್ಷವೇ ಮಾಡಬೇಕು. ಈ ಸಲ ಒಂದು ಹೊಸ ಕೆಲಸ ಮಾಡೋಣ ಅಂತಿದ್ದೀನಿ." ಅವರು ಧನುಶ್ರೀಯತ್ತ ತಿರುಗಿದರು. "ಮರಿ, ಆಪರೇಷನ್ನಿಗೆ ಮುಂಚೆ ನಿನ್ನ ತೋಳಿಂದ ಸ್ವಲ್ಪ ರಕ್ತ ತಗೊಂಡು ಮೆಷಿನ್ನಿನಲ್ಲಿ ಜೋರಾಗಿ ತಿರುಗಿಸ್ತೀವಿ. ಕೆಂಪು ತಳಕ್ಕೆ ಕೂರುತ್ತೆ, ಮೇಲೆ ಹಳದಿ ನೀರು ನಿಲ್ಲುತ್ತೆ. ಅದಕ್ಕೆ ಪ್ಲಾಸ್ಮಾ ಅಂತಾರೆ. ಅದರಲ್ಲಿ ಪ್ಲೇಟ್‌ಲೆಟ್ ಅಂತ ಸಣ್ಣ ಸಣ್ಣ ಕಣ ಇರುತ್ತೆ. ಕೈ ಕುಯ್ದುಕೊಂಡಾಗ ಮೊದಲು ಓಡಿ ಬಂದು ರಕ್ತ ನಿಲ್ಲಿಸೋದು, ಗಾಯ ಮಾಗೋಕೆ ಬೇರೆಯವರನ್ನ ಕರೆಯೋದು ಅವೇ. ಆ ಕಣಗಳು ದಂಡಿಯಾಗಿರೋ ಭಾಗವನ್ನ ಮೂಳೆ ಚೂರಿನ ಜೊತೆ ಕಲಸಿ ತುಂಬ್ತೀನಿ. ಲೋಳೆ ಥರ ಹಿಡ್ಕೊಳುತ್ತೆ."

ಮಂಗಳಮ್ಮನಿಗೆ ಮೊಸರು ಕಡೆದಾಗ ಬೆಣ್ಣೆ ಬೇರೆಯಾಗುವುದು ನೆನಪಾಯಿತು. "ಅದಾಕುದ್ರ ಗ್ಯಾರಂಟಿ ಕೂಡ್ಕತದಾ ಸಾ?"

"ಗ್ಯಾರಂಟಿ ಕೊಡಲ್ಲಮ್ಮ. ಬಳಸಿದ ಕೆಲವು ಡಾಕ್ಟರು ಗಾಯ ಬೇಗ ಮುಚ್ಚುತ್ತೆ ಅಂತಾರೆ. ಕೆಲವರು ವ್ಯತ್ಯಾಸ ಕಾಣಲಿಲ್ಲ ಅಂತಾರೆ. ಅವಳದೇ ರಕ್ತ, ಅದರಿಂದ ಕೆಡುಕು ಕಡಿಮೆ. ಹೋದ ಸಲ ಕೈಕೊಟ್ಟ ಜಾಗ ಇದು, ನನ್ನ ಕೈಲಿರೋ ಎಲ್ಲವನ್ನೂ ಬಳಸಬೇಕು ಅಂತ ನನಗೆ. ಆದರೆ ಇವಳು ಒಪ್ಪದೆ ನಾನು ಮುಟ್ಟಲ್ಲ."

ಧನುಶ್ರೀ ಹತ್ತಿರ ಬಗ್ಗಿ ಎಕ್ಸ್‌ರೇಯನ್ನೇ ನೋಡುತ್ತಿದ್ದಳು. ಆಮೇಲೆ, "ಸಾ, ಓದ್ಸಲ ಒಡ್ದೋಗಿದ್ದು ಅಜ್ಜಿ ಉರ್ಗಡ್ಲೆ ಕೊಟ್ಟಿದ್ಕೇನಾ?" ಎಂದು ಕೇಳಿದಳು.

ಡಾಕ್ಟರು ಕನ್ನಡಕ ತೆಗೆದರು. "ಅದು ನನಗೆ ಗೊತ್ತಿಲ್ಲ ಮರಿ. ಕೀವು ಕಟ್ಟೋದಕ್ಕೆ ದಿನ ಬೇಕು. ಹೊಲಿಗೆ ಅದಕ್ಕೂ ಮೊದಲೇ ಬಿಟ್ಟಿರಬಹುದು. ಆ ಜಾಗ ಹಳೇ ಗಾಯದ್ದು, ರಕ್ತ ಓಡಾಡೋದು ಕಡಿಮೆ. ಯಾರೂ ಏನೂ ಕೊಡದಿದ್ದರೂ ಕೆಲವರಿಗೆ ಹೀಗೆ ಆಗುತ್ತೆ."

ಹುಡುಗಿ ತಾಯಿಯ ಕಡೆ ತಿರುಗಿದಳು. "ಕೇಳುಸ್ಕಂಡ್ಯಾ ಅವ್ವ? ನೀನ್ ಅಜ್ಜೀನ ಮಾತಾಡ್ಸ್ದೆ ಎರಡ್ ವರ್ಸಾಯ್ತು. ಅಜ್ಜಿ ನನ್ ಪಕ್ಕ ಬಂದ್ ಕೂರಕ್ಕೂ ಎದುರ್ಕತಳ. ನೀನು ಅಜ್ಜೀನ ಮಾತಾಡ್ಸಿ ಇಲ್ಗೆ ಕರ್ಕಬಾ. ಆಗ ನಾನು ರಕ್ತ ಕೊಡ್ತೀನಿ."

ಡಾಕ್ಟರ ಮುಂದೆ ಮಗಳಿಂದ ಹೀಗೆ ಅನ್ನಿಸಿಕೊಂಡದ್ದಕ್ಕೆ ಮಂಗಳಮ್ಮನಿಗೆ ಮುಖ ಬಿಸಿಯಾಯಿತು. ಆಸ್ಪತ್ರೆಯ ಮೆಟ್ಟಿಲಿಳಿದು ಬಸ್ ಸ್ಟ್ಯಾಂಡ್ ತಲುಪುವವರೆಗೂ ಸಿಟ್ಟಿನಲ್ಲೇ ನಡೆದಳು. ಬಸ್ಸು ಹೊರಟ ಮೇಲೆ ಸಿಟ್ಟು ಇಳಿದು ಬೇರೊಂದು ಮೇಲೆದ್ದಿತು. ಹುಲ್ಲು ಕೊಯ್ದದ್ದಕ್ಕೆ ತುಟಿ ಸೀಳಿತು ಎಂದು ಮುದುಕಿ ಅಂದದ್ದು, ಕಾಳು ಕೊಟ್ಟದ್ದಕ್ಕೆ ಮೂಳೆ ಒಡೆಯಿತು ಎಂದು ತಾನು ಅಂದದ್ದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಳು. ತನಗಾದರೆ ಕ್ಯಾಲೆಂಡರು ತೋರಿಸಿ ಬಿಡಿಸಿದವರಿದ್ದರು. ಮುದುಕಿಗೆ ಯಾರೂ ಇರಲಿಲ್ಲ.

ಮನೆಗೆ ಬಂದಾಗ ಕೆಂಪಾಜಮ್ಮ ಹಿತ್ತಲಲ್ಲಿ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು. ಮಂಗಳಮ್ಮ ಚಪ್ಪಲಿಯನ್ನೂ ಬಿಡದೆ ಹೋಗಿ ಎದುರು ಕೂತಳು.

"ಅತ್ತೆ."

ಮೊರ ನಿಂತಿತು.

"ಮೈಸೂರ್ಗ್ ಬರ್ಬೇಕು. ಮಗೀಗ್ ಆಪರೇಸನ್ನು."

"ನಾನ್ಯಾಕವ್ವ? ನಾನ್ ಬಂದ್ರ ಮತ್ತೇನಾರ ಕೆಟ್ಟೋದದು."

"ಕೆಟ್ಟಿದ್ದು ನಿಮ್ಮಿಂದಲ್ವಂತೆ. ನಾನು ಸಿಟ್ನಲ್ಲಿ ಅಂದ್ಬುಟ್ಟೆ. ಅನ್ಬಾರ್ದಿತ್ತು."

ಕೆಂಪಾಜಮ್ಮ ತಲೆಯೆತ್ತಲಿಲ್ಲ. ಅಕ್ಕಿಯಲ್ಲಿ ಬೆರಳಾಡಿಸುತ್ತಾ, "ನಾನೂ ಒಂದ್ ಕಾಲ್ದಲ್ಲಿ ನಿಂಗ ಅಂದಿದ್ನಲ್ಲ," ಎಂದಳು. ಮೊರವನ್ನು ಪಕ್ಕಕ್ಕಿಟ್ಟು, "ಯಾವತ್ತು ಓಗದು? ನನ್ ಒಳ್ಳೆ ಸೀರೆ ಒಗ್ಯಕಾಕು," ಎಂದಳು.

ಆಪರೇಷನ್ನಿನ ದಿನ ಬೆಳಗ್ಗೆ ಧನುಶ್ರೀಯ ತೋಳಿಗೆ ಪಟ್ಟಿ ಬಿಗಿದು ರಕ್ತ ತೆಗೆಯುವಾಗ ಕೆಂಪಾಜಮ್ಮ ಒಂದೊಂದೇ ಕೊಳವೆ ತುಂಬುವುದನ್ನು ನೋಡಿ ತಡೆಯಲಾರದೆ ಎದ್ದು ನಿಂತಳು. "ಸಾ, ಮಗ ಸಣ್ಕಿದ್ದದ. ನಂದ್ ತಗಳಿ. ನಂಗ್ ಯಾತಕ್ ಬೇಕು ಇಷ್ಟೊಂದ್ ರಕ್ತ?" ಎಂದು ಸೀರೆಯ ಅಂಚು ಸರಿಸಿ ತೋಳು ಚಾಚಿದಳು.

"ಅವಳದೇ ಆಗಬೇಕಜ್ಜಿ," ಎಂದರು ಡಾಕ್ಟರು. "ಬೇರೆಯವರದು ಹಾಕಿದರೆ ಮೈ ಒಪ್ಪಲ್ಲ. ನಿಮಗೆ ಬೇರೆ ಕೆಲಸ ಇದೆ, ಆಮೇಲೆ ಹೇಳ್ತೀನಿ."

ಅಜ್ಜಿಯ ಗಾಬರಿ ನೋಡಿ ಧನುಶ್ರೀಗೆ ನಗು ಬಂತು. ಮೆಷಿನ್ನು ನಿಂತ ಮೇಲೆ ಲ್ಯಾಬಿನವರು ಒಂದು ಕೊಳವೆಯನ್ನು ಹುಡುಗಿಗೇ ತಂದು ತೋರಿಸಿದರು. ತಳದಲ್ಲಿ ದಟ್ಟ ಕೆಂಪು, ಮೇಲೆ ಭತ್ತದ ಹುಲ್ಲಿನ ಬಣ್ಣದ ತಿಳಿ. ಅವಳು ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, "ಇದು ನಂದಾ!" ಎಂದಳು. ಸ್ಟ್ರೆಚರಿನ ಮೇಲೆ ತಾನಾಗಿಯೇ ಹತ್ತಿ ಮಲಗಿದಳು.

ಒಳಗೆ ಹೋದವಳು ಬರುವವರೆಗೆ ಅತ್ತೆ ಸೊಸೆ ಒಂದೇ ಬೆಂಚಿನಲ್ಲಿ ಕೂತಿದ್ದರು. ರಾಜೇಂದ್ರ ಕಂಬಕ್ಕೆ ಒರಗಿ ನಿಂತು ಕಾರಿಡಾರಿನ ಗೋಡೆಯ ಗಿಲಾವನ್ನು ಬೆರಳಲ್ಲಿ ತಟ್ಟಿ ನೋಡುತ್ತಿದ್ದ. ಡಾಕ್ಟರು ಹೊರಗೆ ಬಂದು, ಒಸಡು ಎಳೆತವಿಲ್ಲದೆ ಚೆನ್ನಾಗಿ ಮುಚ್ಚಿಕೊಂಡಿತು ಎಂದರು. ಅಜ್ಜಿಗೆ ಕೊಟ್ಟ ಕೆಲಸ ಗಂಜಿಯದು: ರಾಗಿ ಗಂಜಿ, ಬೇಳೆ ಕಟ್ಟು, ಬಟ್ಟೆಯಲ್ಲಿ ಸೋಸಿದ್ದು, ಒಂದು ನುಚ್ಚೂ ಇರಬಾರದು.

ಕೆಂಪಾಜಮ್ಮ ಆ ಕೆಲಸವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಗಂಜಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ತಾನೊಂದು ಚಮಚ ಬಾಯಿಗೆ ಹಾಕಿಕೊಂಡು, ನಾಲಿಗೆಗೆ ಕಾಳು ತಗುಲಿದರೆ ಮತ್ತೆ ಸೋಸುವಳು. ಪಕ್ಕದ ಮನೆಯವರು ಚಕ್ಕುಲಿ ಕೊಡಲು ಬಂದಾಗ ಹೊಸಿಲು ದಾಟಲು ಬಿಡಲಿಲ್ಲ. ಮಂಗಳಮ್ಮ ದಿನಾ ಬೆಳಗ್ಗೆ ಮಗಳನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ ತುಟಿ ಎತ್ತಿ ನೋಡುವಳು. ಊತ ಇಳಿಯಿತು. ಒಸಡು ಕೆಂಪಿನಿಂದ ಗುಲಾಬಿಗೆ ತಿರುಗಿತು. ಹೊಲಿಗೆಯ ಗೆರೆ ಬಿಗಿಯಾಗಿಯೇ ಇತ್ತು. ಆದರೂ ಅವಳು ಬಾಯಿ ತೆರೆದು ಸಂತೋಷ ಹೇಳಲಿಲ್ಲ, ಹೇಳಿದರೆ ಎಲ್ಲಿ ಕೆಡುತ್ತದೋ ಎಂಬ ಭಯ.

ಕೆಲವು ತಿಂಗಳ ನಂತರದ ಎಕ್ಸ್‌ರೇಯಲ್ಲಿ ಮೊದಲು ಕಪ್ಪಾಗಿದ್ದ ಜಾಗದಲ್ಲಿ ಬೆಳ್ಳಗೆ ಮೂಳೆಯ ಸೇತುವೆ ಕಂಡಿತು. ಡಾಕ್ಟರು ಎರಡು ಸಲ ನೋಡಿದರು.

"ಮೂಳೆ ನಿಂತಿದೆ. ಆ ಹಳದಿ ನೀರಿಂದಲೋ, ಈ ಸಲ ಒಸಡು ಸರಿಯಾಗಿ ಮುಚ್ಚಿದ್ದರಿಂದಲೋ, ಅಜ್ಜಿ ಗಂಜಿಯಿಂದಲೋ, ನಾನು ಬಿಡಿಸಿ ಹೇಳಲಾರೆ," ಎಂದರು.

"ಎಲ್ಲಾದ್ರಿಂದ್ಲೂ ಅಂತ ಇಟ್ಕಳಿ ಸಾ," ಎಂದಳು ಮಂಗಳಮ್ಮ.

ಕೋರೆಹಲ್ಲು ಒಸಡು ಸೀಳಿ ಹೊರಗೆ ಇಣುಕಿದ್ದು ಮರುವರ್ಷ. ಸ್ವಲ್ಪ ಓರೆಯಾಗಿ ಬಂತು. ಧನುಶ್ರೀ ಆಗ ತಿ. ನರಸೀಪುರದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಗೆಳತಿಯರ ಗುಂಪಿನ ನಡುವೆ ಕೂತು ಡಬ್ಬಿ ಬಿಚ್ಚುತ್ತಿದ್ದಳು. ಮಾತಿನಲ್ಲಿ ಚೂರು ಮೂಗಿನ ದನಿ ಉಳಿದೇ ಇತ್ತು. ಜಗಳಕ್ಕೆ ಬಂದವರಿಗೆ ಅದೇ ದನಿಯಲ್ಲಿ ಸರಿಯಾಗಿ ಕೊಡುತ್ತಿದ್ದಳು ಎಂದು ಮೇಷ್ಟ್ರು ರಾಜೇಂದ್ರನಿಗೆ ದೂರಿದ್ದರಂತೆ. ಅವನು ಆ ದೂರನ್ನು ಮನೆಗೆ ಬಂದು ಹಬ್ಬದ ಸುದ್ದಿಯಂತೆ ಹೇಳಿದ.

ಹಲ್ಲು ತೋರಿಸಲು ಹೋದಾಗ ಡಾಕ್ಟರು ತಂತಿ ಹಾಕಿ ನೇರ ಮಾಡಿಸಲು ಬರೆದುಕೊಟ್ಟು, "ಮೂಗಿನ ಎಡಗಡೆ ಸ್ವಲ್ಪ ಚಪ್ಪಟೆ ಇದೆ. ಹದಿನೆಂಟು ದಾಟಿದ ಮೇಲೆ ಅದನ್ನೂ ಎತ್ತಿ ಸರಿಮಾಡಬಹುದು, ಬೇಕಾದರೆ," ಎಂದರು.

"ಬೇಕು ಸಾ. ಯಾವ ತಿಂಗ್ಳು ಕರ್ಕಬರ್ಲಿ?" ಎಂದು ಮಂಗಳಮ್ಮ ಆಗಲೇ ಚೀಲ ಹೆಗಲಿಗೇರಿಸಿದ್ದಳು.

"ನಂಗ್ ಬ್ಯಾಡ," ಎಂದಳು ಧನುಶ್ರೀ.

"ಸುಮ್ಕಿರು. ಇಷ್ಟ್ ಮಾಡುಸ್ದೋರು ಅದನ್ಯಾಕ್ ಬುಡದು?"

"ಇದು ನನ್ ಮೂಗು ಕಣವ್ವ. ನೀರ್ ಕುಡೀತೀನಿ, ಅನ್ನ ತಿಂತೀನಿ, ಮಾತಾಡ್ತೀನಿ. ಸಾಕು. ಮುಂದ್ಕ ಬೇಕು ಅನ್ಸುದ್ರ ನಾನೇ ಬಂದ್ ಕೇಳ್ತೀನಿ. ನೀನ್ ಕೇಳ್ಬ್ಯಾಡ."

ಮಂಗಳಮ್ಮ ಬಾಯಿ ತೆರೆದಳು. ಇಷ್ಟು ವರ್ಷ ಯಾರು ಬೇಡ ಅಂದರೂ ಅವಳಲ್ಲಿ ಒಂದು ಉತ್ತರ ತಯಾರಿರುತ್ತಿತ್ತು. ಈ ಹುಡುಗಿಯ ಮುಖದಲ್ಲಿ ತನ್ನದೇ ಹಠ ಕೂತಿರುವುದು ಕಂಡು, ಮೊದಲ ಸಲ, ಎದುರಾಡಬೇಕು ಅನ್ನಿಸಲಿಲ್ಲ.

"ಸರಿ ಬುಡು," ಎಂದಳು. ಆಮೇಲೆ ಡಾಕ್ಟರಿಗೆ, "ತಂತಿ ಆಕದ್ ಯಾವಾಗ ಸಾ, ಅದ್ನ ಏಳಿ," ಎಂದಳು.

ತಂತಿಗೆ ಸೋಮವಾರ ಬರಲು ಹೇಳಿದರು. ತಾಯಿ ಮಗಳು ಮಧ್ಯಾಹ್ನದ ಬಸ್ಸು ಹಿಡಿದು ಊರಿಗೆ ಹೊರಟರು. ಗದ್ದೆಯಲ್ಲಿ ಕಳೆ ತೆಗೆಯುವ ಕೆಲಸ ಅರ್ಧಕ್ಕೆ ನಿಂತಿತ್ತು.